ನೀಲವ್ವನ ಗಿರಣಿಯ ಕೆಂಪು ದೀಪ

ನಮ್ಮ ಅತ್ತೆ ನೀಲವ್ವನವರನ್ನು ಯಾರಾದರೂ ಕಿವುಡಿ ಅಂದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಮಾತು ಸುಳ್ಳಲ್ಲ, ಅವರಿಗೆ ಈಗ ಬಹಳ ಕಡಿಮೆ ಕೇಳುತ್ತದೆ. ಆದರೆ ಆ ಕಿವಿ ಎಲ್ಲಿ ಹೋಯಿತು, ಯಾರ ಸಲುವಾಗಿ ಹೋಯಿತು ಎಂಬುದನ್ನೂ ಹೇಳಬೇಕಲ್ಲ? ರೋಣದ ನಮ್ಮ ಓಣಿಯವರು ಇಷ್ಟು ವರ್ಷ ತಿಂದ ರೊಟ್ಟಿಯ ಹಿಟ್ಟೆಲ್ಲ ಆ ಕಿವಿಯ ಪಕ್ಕದಲ್ಲೇ ಬೀಸಿದ್ದು. ತಿಂದವರೇ ಕಿವುಡಿ ಅಂದರೆ ನಾನು ಸುಮ್ಮನಿರುವವಳಲ್ಲ.

ನಮ್ಮ ಮನೆಯ ಮುಂದಿನ ಕೋಣೆಯೇ ಗಿರಣಿ. ಒಂದು ಮೋಟಾರು, ಉದ್ದನೆಯ ಬೆಲ್ಟು, ಕಬ್ಬಿಣದ ಕವಚದೊಳಗೆ ಎರಡು ಬೀಸುವ ಕಲ್ಲು, ಅವುಗಳ ಮೇಲೆ ಕಾಳು ಸುರಿಯುವ ತಗಡಿನ ಡಬ್ಬಿ. ಇದನ್ನು ಹಾಕಿಸಿದವರು ನನ್ನ ಮಾವ ದ್ಯಾಮಪ್ಪನವರು. ನನ್ನ ಗಂಡ ಮುತ್ತಣ್ಣ ಇನ್ನೂ ಶಾಲೆಗೆ ಹೋಗುತ್ತಿದ್ದಾಗಲೇ ಅವರು ತೀರಿಕೊಂಡರು. ಬಂಧುಗಳು ಸೇರಿ, ಹೆಣ್ಣುಮಗಳ ಕೈಯಲ್ಲಿ ಗಿರಣಿ ನಡೆಯುವುದಿಲ್ಲ, ಮಾರಿಬಿಡು ಎಂದು ಬುದ್ಧಿ ಹೇಳಿದರಂತೆ. ಅತ್ತೆ ಎಲ್ಲರಿಗೂ ಚಹಾ ಕೊಟ್ಟು ಕಳಿಸಿದರು. ಆಮೇಲೆ ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ತಲೆಗೊಂದು ವಸ್ತ್ರ ಕಟ್ಟಿಕೊಂಡು ಮೋಟಾರು ಚಾಲು ಮಾಡಿದರು. ಆ ಅಂಗಿ ಹರಿದು ಬೇರೆ ಅಂಗಿ ಬಂತು, ಅದೂ ಹರಿಯಿತು. ಅವರು ಮಾತ್ರ ಅದೇ ಜಾಗದಲ್ಲಿ ನಿಂತಿದ್ದಾರೆ.

ಗಿರಣಿಯಲ್ಲಿ ನಿಲ್ಲುವುದೆಂದರೆ ಸುಮ್ಮನೆ ನಿಲ್ಲುವುದಲ್ಲ. ಡಬ್ಬಿ ಇರುವುದು ತಲೆಗಿಂತ ಮೇಲೆ. ಸಣ್ಣ ಏಣಿ ಹತ್ತಿ ಕಾಳು ಸುರಿದು, ಇಳಿದು ಬಂದು, ಕೆಳಗೆ ಹಿಟ್ಟು ಬೀಳುವ ಕಡೆ ಚೀಲ ಹಿಡಿಯಬೇಕು. ಅಲ್ಲಿಂದ ಡಬ್ಬಿಯೊಳಗೆ ಏನಿದೆ ಎಂದು ಕಾಣುವುದಿಲ್ಲ. ಕಾಳು ತೀರುವ ಹೊತ್ತಿಗೆ ಸರಿಯಾಗಿ ಪಕ್ಕದ ಗಾಲಿ ತಿರುಗಿಸಿ ಎರಡೂ ಕಲ್ಲುಗಳನ್ನು ಬಿಡಿಸಬೇಕು. ತಡವಾದರೆ ಬರಿದಾದ ಕಲ್ಲು ಒಂದಕ್ಕೊಂದು ತಿಕ್ಕಿ ಕೂಗುತ್ತವೆ, ಕಿಡಿ ಹಾರುತ್ತದೆ, ಹಿಟ್ಟಿನಲ್ಲಿ ಕಲ್ಲಿನ ಪುಡಿ ಸೇರುತ್ತದೆ. ಕಾಳು ತೀರುವ ಮೊದಲು ಕಲ್ಲಿನ ಸದ್ದು ಸ್ವಲ್ಪ ತೆಳ್ಳಗಾಗುತ್ತದೆ. ಅತ್ತೆ ಪಕ್ಕದ ಮನೆಯ ಫಕೀರವ್ವನ ಜೊತೆ ನಗುನಗುತ್ತ ಮಾತಾಡುತ್ತಿದ್ದರೂ ಆ ಸದ್ದು ಕೇಳಿದ ಕೂಡಲೇ ಅವರ ಕೈ ತಾನಾಗಿ ಗಾಲಿಯ ಮೇಲೆ ಹೋಗುತ್ತಿತ್ತು.

ನಾನು ಚಿಕ್ಕನರಗುಂದದವಳು. ನರಗುಂದದಲ್ಲಿ ಪಿಯುಸಿ ಸೈನ್ಸ್ ಮುಗಿಸಿ, ಡಿಗ್ರಿಗೆ ಹೆಸರು ಹಚ್ಚುವ ಹೊತ್ತಿಗೆ ಮದುವೆ ಗೊತ್ತಾಯಿತು. ನನ್ನ ಟ್ರಂಕಿನಲ್ಲಿ ಅರ್ಧ ಸೀರೆ, ಅರ್ಧ ಭೌತಶಾಸ್ತ್ರದ ಪುಸ್ತಕ. ಟ್ರಂಕು ತೆಗೆದಾಗ ಬಂದ ಹೆಂಗಸರೆಲ್ಲ ಮುಸಿಮುಸಿ ನಕ್ಕರು. ಅತ್ತೆ ನಗಲಿಲ್ಲ. ಗೋಡೆಯ ಹಲಗೆಯ ಮೇಲಿದ್ದ ಹಿತ್ತಾಳೆ ಕೊಡಗಳನ್ನು ಒಂದೊಂದಾಗಿ ಕೆಳಗಿಳಿಸಿದರು.

"ಹಿಟ್ಟಿನ ಧೂಳಿಗೆ ಪುಸ್ತಕ ಹಾಳಾಕ್ಕಾವು. ಇಲ್ಲೆ ಮ್ಯಾಲ ಇಡವ್ವಾ, ಮ್ಯಾಲ ಅರಿವಿ ಹೊಚ್ಚು" ಎಂದರು.

ಆ ಕೊಡಗಳು ಇವತ್ತಿಗೂ ನೆಲದ ಮೇಲೇ ಇವೆ. ಮದುವೆಯಾದ ಹೊಸದರಲ್ಲಿ ಮಿಕ್ಸರ್ ಕೆಟ್ಟಿತು. ನಾನು ಸುಮ್ಮನಿರಲಾರದೆ ಅದನ್ನು ಬಿಚ್ಚಿ ಹರವಿ ಕುಳಿತೆ. ಗಂಡ ಬೈಯಲು ಬಾಯಿ ತೆರೆದ. ಅತ್ತೆ ಬ್ಯಾಟರಿ ಹಿಡಿದು ಬೆಳಕು ತೋರಿಸುತ್ತ ನನ್ನ ಪಕ್ಕ ಕುಳಿತದ್ದು ನೋಡಿ ಬಾಯಿ ಮುಚ್ಚಿಕೊಂಡ. ಮಿಕ್ಸರ್ ಸರಿಯಾಗಲಿಲ್ಲ, ಆ ಮಾತು ಬೇರೆ. ಗೆಳತಿಯರು ತಮ್ಮ ಅತ್ತೆಯಂದಿರ ಸುದ್ದಿ ಹೇಳಿ ಕಣ್ಣೊರೆಸಿಕೊಳ್ಳುವಾಗ ನಾನು ಏನೂ ಹೇಳದೆ ಕೂತಿರುತ್ತೇನೆ. ನನಗೆ ಸಿಕ್ಕದ್ದನ್ನು ಹೇಳಿದರೆ ಅವರಿಗೆ ಹೊಟ್ಟೆ ಉರಿದೀತು.

ಒಂದೇ ಒಂದು ವಿಷಯದಲ್ಲಿ ಮಾತ್ರ ನನಗೂ ಅವರಿಗೂ ಹೊಂದಾಣಿಕೆ ಇರಲಿಲ್ಲ. ಪ್ರತಿ ವರ್ಷ ನಾಗರ ಪಂಚಮಿಗೆ ನಾನು ತವರಿಗೆ ಹೊರಡುವಾಗ ಒಡ್ಡಿದ ಸೆರಗಿಗೆ ಮಂಗಳದ ಸಾಮಾನು ಹಾಕಿ, ಉಡಿ ತುಂಬಿ ಕಳಿಸುವ ಪದ್ಧತಿ. ಜೋಳ, ಕೊಬ್ಬರಿ, ಅರಿಷಿಣದ ಬೇರು, ಅಡಿಕೆ, ಕುಬಸದ ಖಣ ಎಲ್ಲವನ್ನೂ ಅತ್ತೆಯೇ ತಟ್ಟೆಯಲ್ಲಿ ಹೊಂದಿಸುವರು. ಆಮೇಲೆ ಫಕೀರವ್ವನನ್ನು ಕರೆದು ತಟ್ಟೆ ಕೊಟ್ಟು, ತಾವು ಅಡಿಗೆಮನೆಯ ಬಾಗಿಲ ಹಿಂದೆ ಸರಿಯುವರು. ಗಂಡ ಸತ್ತವರು ಉಡಿ ತುಂಬಬಾರದಂತೆ. ಮೊದಲ ವರ್ಷವೇ ನಾನು, "ನೀವ ತುಂಬ್ರಿ ಅತ್ತಿ" ಎಂದಿದ್ದೆ.

"ಬ್ಯಾಡವ್ವಾ, ಚಲೋ ಕೆಲಸಕ್ಕ ನನ್ನ ಕೈ ಬ್ಯಾಡ" ಎಂದು ಅವರು ಒಳಗೆ ಹೋದರು. ಗಿರಣಿಗೆ ಆಗುವ ಕೈ ನನ್ನ ಸೆರಗಿಗೆ ಯಾಕೆ ಆಗದು ಎಂದು ಪ್ರತಿ ವರ್ಷ ನನ್ನಲ್ಲೇ ಕೇಳಿಕೊಳ್ಳುತ್ತಿದ್ದೆ.

ಕಿವಿ ಒಂದೇ ದಿನ ಹೋಗಲಿಲ್ಲ. ಮೊದಲು ಟಿವಿಯ ಸದ್ದು ಜೋರಾಯಿತು, ಆಮೇಲೆ ನನ್ನ ಮಗಳು ಅಜ್ಜಿಯನ್ನು ಎರಡೆರಡು ಸಲ ಕರೆಯಬೇಕಾಯಿತು. ಗದಗಿನ ದವಾಖಾನೆಯಲ್ಲಿ ತೋರಿಸಿ ಕಿವಿಗೆ ಯಂತ್ರ ಹಾಕಿಸಿದೆವು. ಮನೆಯಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡಿತು. ಗಿರಣಿ ಶುರುವಾದರೆ ಮಾತ್ರ ಬರೀ ಗುಂಯ್ ಗುಂಯ್. ಅತ್ತೆ ಅದನ್ನು ತೆಗೆದು ಗೋಡೆಯ ಗೂಡಿನಲ್ಲಿಟ್ಟು ಕೆಲಸಕ್ಕೆ ನಿಲ್ಲುತ್ತಿದ್ದರು. ಕಲ್ಲು ಕೂಗತೊಡಗಿದ್ದು ಆಗಿನಿಂದಲೇ. ಮೊದಲು ಅಪರೂಪಕ್ಕೆ, ಆಮೇಲೆ ಮೇಲಿಂದ ಮೇಲೆ. ಓಣಿಯೆಲ್ಲ ಕೇಳುವಂತೆ ಕಲ್ಲು ಕಿರುಚುತ್ತಿದ್ದರೂ ಅತ್ತೆ ಶಾಂತವಾಗಿ ಚೀಲ ಹಿಡಿದು ನಿಂತಿರುವರು. ನಾನು ಒಲೆಯ ಮೇಲಿನ ರೊಟ್ಟಿ ಬಿಟ್ಟು ಓಡಿಬಂದು ಗಾಲಿ ತಿರುಗಿಸಬೇಕು.

ಎದುರು ಮನೆಯ ಪರಶಪ್ಪ ಒಂದು ದಿನ ಬಾಗಿಲಲ್ಲಿ ನಿಂತು ನಗುತ್ತಲೇ, "ನೀಲವ್ವಕ್ಕಾ, ನಿನ್ನ ಹಿಟ್ಟಿನ ರೊಟ್ಟಿ ತಿಂದ್ರ ಹಲ್ಲು ಕರ್ ಅಂತಾವ್ನೋಡು. ಪಲ್ಲೆ ಬ್ಯಾರೆ ಬೇಕಿಲ್ಲ" ಎಂದ. ಅತ್ತೆಗೆ ಮಾತು ಕೇಳಿಸಲಿಲ್ಲ, ಅವನು ನಕ್ಕದ್ದು ಕಂಡು ತಾವೂ ನಕ್ಕರು. ನನಗೆ ಅವನ ಹಲ್ಲೇ ಉದುರಿಸಬೇಕು ಅನ್ನಿಸಿತು. ಆದರೆ ಹಿಟ್ಟಿನಲ್ಲಿ ಕಲ್ಲಿನ ಪುಡಿ ಇದ್ದದ್ದು ಖರೆ.

ಗಂಡ ಕೆಟ್ಟವನಲ್ಲ. ಹೊಲದಿಂದ ದಣಿದು ಬಂದವನು ಅಂದು ಸಂಜೆ ಗೂಡಿನಿಂದ ಯಂತ್ರ ತಂದು ತಾನೇ ತಾಯಿಯ ಕಿವಿಗೆ ಹಾಕಿ, ಎದುರು ಕುಳಿತು ಹೇಳಿದ.

"ಯವ್ವಾ, ಸಾಕಿನ್ನ. ಪಂಚಮಿ ಬೀಸೂದರಾಗ ಇನ್ನೊಮ್ಮಿ ಕಲ್ಲು ಕೂಗಿತು ಅಂದ್ರ ಗಿರಣಿ ಬಂದ್. ಮೊಬೈಲ್ ಅಂಗಡಿಯಾಂವ ಈ ಖೋಲಿ ಕೇಳಾಕತ್ತಾನ, ಕೊಟ್ಟಬಿಡೂಣು."

"ನಾ ಏನ ಮಾಡ್ಲೋ ಮನ್ಯಾಗ ಕುಂತು?"

"ಆರಾಮ ಇರು."

"ಆರಾಮ ಅಂದ್ರ? ಗ್ವಾಡಿ ನೋಡ್ಕೋಂತ ಕುಂದರೂದು?" ಅತ್ತೆಯ ದನಿ ಒಡೆಯಿತು. "ಗಿರಣಿಗೆ ಬಂದ ನಾಕ ಮಂದಿ ನನ್ನ ಮಾತಾಡಸ್ತಾರ. ಅದನ್ನೂ ಕಸಗೋತೀರೇನೋ?"

ಅವರು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ಕಿವಿ ಮಾಡಬೇಕಾದ ಕೆಲಸವನ್ನು ಕಣ್ಣಿಗೆ ವಹಿಸಬೇಕು ಎಂದು ನನಗೆ ಹೊಳೆದದ್ದು ಆಗಲೇ. ಡಬ್ಬಿ ಬರಿದಾಗುತ್ತಿದ್ದಂತೆ ಅತ್ತೆಯ ಕಣ್ಣೆದುರು ಒಂದು ಕೆಂಪು ದೀಪ ಹತ್ತಿದರೆ ಸಾಕಲ್ಲ?

ಪುಸ್ತಕದ ಮೇಲಿನ ಅರಿವೆ ಸರಿಸಿ ಪಿಯುಸಿಯ ಭೌತಶಾಸ್ತ್ರ ತೆಗೆದೆ. ಕೊನೆಯ ಪಾಠದಲ್ಲಿ ಲಾಜಿಕ್ ಗೇಟುಗಳಿದ್ದವು. ಎರಡೂ ಇದ್ದರೆ ಮಾತ್ರ ಹೌದು ಎನ್ನುವುದು ಆಂಡ್ ಗೇಟ್, ಯಾವುದಾದರೂ ಒಂದಿದ್ದರೂ ಹೌದು ಎನ್ನುವುದು ಆರ್ ಗೇಟ್, ಹೌದನ್ನು ಅಲ್ಲ ಮಾಡುವುದು ನಾಟ್ ಗೇಟ್. ಸೊನ್ನೆ ಸೊನ್ನೆ ಸೊನ್ನೆ, ಸೊನ್ನೆ ಒಂದು ಸೊನ್ನೆ ಎಂದು ಮಗ್ಗಿಯಂತೆ ಬಾಯಿಪಾಠ ಮಾಡಿ ಅಂಕ ತೆಗೆದವಳು ನಾನು. ಒಂದು ಟ್ರಾನ್ಸಿಸ್ಟರನ್ನು ಕೈಯಲ್ಲಿ ಹಿಡಿದು ನೋಡಿರಲಿಲ್ಲ.

ಬಜಾರದಲ್ಲಿ ಗೌಸುಸಾಬರ ರಿಪೇರಿ ಅಂಗಡಿ ಇದೆ. ರೇಡಿಯೊದ ಕಾಲದಿಂದ ಟಿವಿ, ಮಿಕ್ಸರ್ ಅಂತ ಊರಿನ ಕೆಟ್ಟ ಸಾಮಾನೆಲ್ಲ ಅಲ್ಲೇ ಬಂದು ಬೀಳುವುದು. ನಾನು ಬಿಚ್ಚಿ ಕೆಡಿಸಿದ ಮಿಕ್ಸರನ್ನು ಸರಿ ಮಾಡಿದವರೂ ಅವರೇ.

"ಕಾಕಾ, ಟ್ರಾನ್ಸಿಸ್ಟರಿಲೆ ಗೇಟ್ ಕಟ್ಟೂದು ನನಗ ಕಲಸ್ರಿ" ಎಂದೆ.

ಅವರು ಕನ್ನಡಕದ ಮೇಲಿಂದ ನೋಡಿದರು. "ಯಾಕ ಮಗಳ, ಪರೀಕ್ಷಾ ಐತೇನು?"

"ಐತ್ರಿ. ನಮ್ಮತ್ತಿದು."

ವಿಷಯವೆಲ್ಲ ಕೇಳಿದ ಮೇಲೆ ಅವರು ಹಳೆಯ ಟಿವಿಯ ಬೋರ್ಡೊಂದರಿಂದ ಕಪ್ಪು ಕಾಳಿನಂಥ ವಸ್ತುವನ್ನು ಬಿಡಿಸಿ ನನ್ನ ಅಂಗೈಯಲ್ಲಿಟ್ಟರು. ಅದೇ ಟ್ರಾನ್ಸಿಸ್ಟರ್, ಅದಕ್ಕೆ ಮೂರು ಕಾಲು.

"ನೀ ಚಿಕ್ಕನರಗುಂದದಾಕಿ, ಕಾಲುವಿ ನೋಡೀಯಿಲ್ಲೋ? ತೂಬಿನ ಗಾಲಿ ಒಬ್ಬಾಂವ ಒಂದ ಕೈಲೆ ತಿರುವ್ತಾನ, ಹಿಂದಿಂದ ಅಷ್ಟು ದೊಡ್ಡ ನೀರು ಹರಿತೈತಿ. ಈ ನಡುವಿನ ಕಾಲು ಆ ಗಾಲಿ ಇದ್ದಂಗ. ಇದಕ್ಕ ತಟಕ ಕರೆಂಟ್ ತೋರ್ಸಿದ್ರ, ಆ ಕಾಲಿಂದ ಈ ಕಾಲಿಗೆ ಭಾಳ ಕರೆಂಟ್ ಹೊಕ್ಕೈತಿ. ಒಂದ ಕಾಲುವಿಗೆ ಒಂದರ ಹಿಂದೊಂದು ಎರಡು ತೂಬು ಇಟ್ಟಿ ಅನ್ನು, ಎರಡೂ ತೆಗದಾಗಷ್ಟ ಹೊಲಕ್ಕ ನೀರು. ಅದ ನಿನ್ನ ಆಂಡ್ ಗೇಟ್."

"ನಾಟ್ ಗೇಟ್ ಹ್ಯಾಂಗ್ರಿ?"

"ಹೊಲದ ಮಗ್ಗಲಕ್ಕ ಹಳ್ಳ ಐತಿ. ತೂಬು ತೆಗದ್ರ ನೀರೆಲ್ಲ ಹಳ್ಳಕ್ಕ ಹೋತು, ಹೊಲ ಒಣಗಿತು. ಮುಚ್ಚಿದ್ರ ನೀರು ಹೊಲಕ್ಕ ಬಂತು. ತೆಗದ್ರ ಇಲ್ಲ, ಮುಚ್ಚಿದ್ರ ಐತಿ. ಉಲ್ಟಾ ಆತಿಲ್ಲೋ?"

ಪಿಯುಸಿಯ ಎರಡು ವರ್ಷದಲ್ಲಿ ತಿಳಿಯದ್ದು ಆ ಬಾಗಿಲಲ್ಲಿ ನಿಂತಷ್ಟರಲ್ಲಿ ತಿಳಿಯಿತು. ತಿಳಿಯುವುದು ಬೇರೆ, ಕಟ್ಟುವುದು ಬೇರೆ. ಮಧ್ಯಾಹ್ನ ಮನೆಗೆಲಸ ಮುಗಿಸಿ ಹೋಗಿ ಅವರ ಮೇಜಿನ ತುದಿಯಲ್ಲಿ ಕೂರುತ್ತಿದ್ದೆ. ಮೊದಲನೆಯ ಟ್ರಾನ್ಸಿಸ್ಟರನ್ನು ಹಿಂದುಮುಂದಾಗಿ ಹಚ್ಚಿದೆ. ಎರಡನೆಯದಕ್ಕೆ ಕರೆಂಟನ್ನು ಹದದಲ್ಲಿಡುವ ರೆಸಿಸ್ಟರ್ ಹಾಕುವುದನ್ನೇ ಮರೆತೆ. ಅದು ಚಿಟ್ ಎಂದು ಹೊಗೆ ಬಿಟ್ಟಿತು. ನನಗೆ ಸಿಟ್ಟು ಬಂದು ತಂತಿಗಳನ್ನೆಲ್ಲ ಕಿತ್ತು ಮೇಜಿನ ಮೇಲೆ ಒಗೆದೆ.

ಗೌಸುಸಾಬರು ಚಹಾ ತರಿಸಿದರು. "ಒಗದಿದ್ದು ಚಲೋ ಆತು. ಈಗ ಮತ್ತ ಮೊದಲಿಂದ ಜೋಡಸು, ಕೈಗೆ ರೂಢಿ ಆಕ್ಕೈತಿ" ಎಂದರು.

ಕೊನೆಗೂ ಎರಡು ಟ್ರಾನ್ಸಿಸ್ಟರನ್ನು ಒಂದರ ಕೆಳಗೊಂದು ಸರಿಯಾಗಿ ಕೂರಿಸಿದೆ. ಒಂದು ಗುಂಡಿ ಒತ್ತಿದೆ, ಏನಿಲ್ಲ. ಅದನ್ನು ಬಿಟ್ಟು ಇನ್ನೊಂದು ಒತ್ತಿದೆ, ಏನಿಲ್ಲ. ಎರಡೂ ಒತ್ತಿದೆ. ಕಡಲೆಕಾಳಿನಷ್ಟು ಚಿಕ್ಕ ದೀಪ ಹತ್ತಿತು. ಬಾಯಿಪಾಠ ಮಾಡಿದ ಆ ಸೊನ್ನೆ, ಒಂದುಗಳೆಲ್ಲ ನನ್ನ ಬೆರಳ ತುದಿಯಲ್ಲೇ ಇದ್ದವು. ನಾನು ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದೆ. ಗೌಸುಸಾಬರು ಕೂಡ ಕನ್ನಡಕ ತೆಗೆದು ಒರೆಸಿಕೊಂಡರು.

ಡಬ್ಬಿಯ ಒಳಗಿನ ಇಳಿಜಾರಿಗೆ ಒಂದು ತಗಡಿನ ಹಲಗೆ ಮಾಡಿಸಿದೆ. ಮೇಲೆ ಕಾಳಿನ ಭಾರ ಇದ್ದರೆ ಅದು ತುಸು ಕೆಳಗೆ ಕೂತು ಡಬ್ಬಿಯ ಹೊರಬದಿಯ ಎರಡು ಲೋಹದ ಪಟ್ಟಿಗಳನ್ನು ಒಂದಕ್ಕೊಂದು ಮುಟ್ಟಿಸುತ್ತದೆ, ಕಾಳು ಇಳಿದರೆ ಸ್ಪ್ರಿಂಗು ಅದನ್ನು ಎತ್ತುತ್ತದೆ. ಅಂಚು ಕೈ ಕೊಯ್ಯಬಾರದೆಂದು ಸುತ್ತಲೂ ಮೇಲಕ್ಕೆ ಮಡಚಿದೆ. ಅದನ್ನು ಕೂರಿಸುವಾಗ ಏಣಿ ಹಿಡಿದುಕೊಂಡಿದ್ದ ಅತ್ತೆ ತಾವೂ ಹತ್ತಿ ಬಂದು ಅದರ ಮೇಲೆ ಅಂಗೈ ಇಟ್ಟು ನೋಡಿದರು.

"ಚಂದ ಆಗೇತವ್ವಾ. ಸೆರಗ ಒಡ್ಡಿದಂಗ ಐತಿ" ಎಂದರು. ತಗಡು ಕತ್ತರಿಸಿದ ನನ್ನ ಕೈಚಳಕವನ್ನು ಹೊಗಳಿದರು ಎಂದುಕೊಂಡು ನಾನು ಬೀಗಿದೆ.

ಮೊದಲು ಬರೀ ನಾಟ್ ಗೇಟ್ ಹಚ್ಚಿದೆ: ಕಾಳು ಇದ್ದರೆ ದೀಪ ಇಲ್ಲ, ಕಾಳು ಇಲ್ಲದಿದ್ದರೆ ದೀಪ ಇದೆ. ಟ್ರ್ಯಾಕ್ಟರಿನ ಹಿಂದಿನ ಕೆಂಪು ದೀಪ ಅದು, ಹಿಟ್ಟಿನ ಧೂಳಿನಲ್ಲೂ ಎದ್ದು ಕಾಣುತ್ತಿತ್ತು. ಆದರೆ ಗಿರಣಿ ನಿಂತಿರುವಾಗಲೂ ಡಬ್ಬಿ ಬರಿದೇ ಅಲ್ಲವೇ? ದಿನವಿಡೀ ದೀಪ ಉರಿಯಿತು. ಅತ್ತೆಗೆ ಅದು ರೂಢಿಯಾಗಿ, ಕಣ್ಣಿಗೆ ಚುಚ್ಚುತ್ತದೆ ಎಂದು ಅದರ ಮೇಲೆ ಟವೆಲ್ ಹೊದಿಸಿದರು. ಆಗ ಆಂಡ್ ಗೇಟ್ ಬೇಕೇ ಬೇಕು ಎಂಬುದು ಗೊತ್ತಾಯಿತು. ಮೋಟಾರು ತಿರುಗುತ್ತಿರಬೇಕು, ಡಬ್ಬಿಯೂ ಬರಿದಾಗಿರಬೇಕು. ಎರಡೂ ಆದರೆ ಮಾತ್ರ ದೀಪ. ಮೋಟಾರಿನ ಕಡೆಯ ವೈರಿಂಗಿಗೆ ಗೌಸುಸಾಬರು ನನ್ನನ್ನು ಬಿಡಲಿಲ್ಲ. ತಾವೇ ಬಂದು, ಮೋಟಾರು ಚಾಲೂ ಇದ್ದಾಗ ಮಾತ್ರ ಕರೆಂಟು ಕೊಡುವ ಸಣ್ಣ ಚಾರ್ಜರ್ ಕೂರಿಸಿ ಕೊಟ್ಟರು. ಗೇಟುಗಳೆರಡನ್ನೂ ನಾನೇ ಬೆಸೆದು ಪ್ಲಾಸ್ಟಿಕ್ ಊಟದ ಡಬ್ಬಿಯಲ್ಲಿಟ್ಟು ಗೋಡೆಗೆ ಮೊಳೆ ಹೊಡೆದೆ. ಎರಡು ಸ್ವಿಚ್ಚು ಸಾಲಾಗಿ ಇಟ್ಟರೂ ಇದೇ ಕೆಲಸ ಆಗುತ್ತಿರಲಿಲ್ಲವೇ ಎಂದು ಆಮೇಲೆ ಅವರನ್ನೇ ಕೇಳಿದ್ದುಂಟು. "ಆಗ್ತಿತ್ತು. ನೀ ಗೇಟ್ ಕೇಳಿದಿ, ನಾ ಕಲಿಸಿದೆ" ಎಂದು ನಕ್ಕರು.

ಅತ್ತೆ ಊಟಕ್ಕೆ ಕೂತಾಗ ಕಲ್ಲು ಬಿಡಿಸಿಟ್ಟು ಗುಟ್ಟಾಗಿ ಪರೀಕ್ಷೆ ಮಾಡಿದೆ. ಮೋಟಾರು ಚಾಲು, ಡಬ್ಬಿ ಬರಿದು: ದೀಪ ಹತ್ತಿತು. ಕಾಳು ಸುರಿದೆ: ಆರಿತು. ಮೋಟಾರು ಬಂದ್: ಆರಿಯೇ ಇತ್ತು. ಮರುದಿನ ಬೆಳಿಗ್ಗೆ ಗಂಡನನ್ನು ಕರೆದು ತೋರಿಸುವುದೆಂದು ಮನೆಯಲ್ಲೆಲ್ಲ ಸಾರಿದೆ.

ಬೆಳಿಗ್ಗೆ ಅತ್ತೆಯೇ ಏಣಿ ಹತ್ತಿ ನಮ್ಮ ಮನೆಯ ಜೋಳ ಸುರಿದರು, ಬೀಸತೊಡಗಿದೆವು. ಪರಶಪ್ಪನೂ ಬಾಗಿಲಿಗೆ ಬಂದು ನಿಂತ, ಇಂಥದ್ದಕ್ಕೆ ಅವನು ತಪ್ಪುವವನಲ್ಲ. ನಾನು ದೀಪವನ್ನೇ ನೋಡುತ್ತಿದ್ದೆ, ಅತ್ತೆಯೂ ಗಾಲಿಯ ಮೇಲೆ ಕೈಯಿಟ್ಟು ದೀಪವನ್ನೇ ನೋಡುತ್ತಿದ್ದರು. ಕಲ್ಲಿನ ಸದ್ದು ತೆಳ್ಳಗಾಯಿತು. ದೀಪ ಹತ್ತಲಿಲ್ಲ. ಕಲ್ಲು ಕಿರುಚತೊಡಗಿತು, ಸುಟ್ಟ ವಾಸನೆ ಬಂತು. ಅತ್ತೆ ಅದು ಕೇಳಿಸದೆ, ದೀಪದ ಮೇಲಿನ ಕಣ್ಣು ತೆಗೆಯದೆ ನಿಂತೇ ಇದ್ದರು. ಮುತ್ತಣ್ಣ ಹೋಗಿ ಗಾಲಿ ತಿರುಗಿಸಿದ.

ಗೋಡೆಯ ಮೇಲಿನ ಗೇಟುಗಳ ಪ್ಲಾಸ್ಟಿಕ್ ಡಬ್ಬಿ ಕಿತ್ತುಕೊಂಡು ಗೌಸುಸಾಬರ ಕಡೆ ಓಡಿದೆ. ಅವರ ಮೇಜಿನ ಮೇಲೆ ಎಲ್ಲ ಸರಿ, ಬೆರಳಿಂದ ಒತ್ತಿದರೆ ಆರುತ್ತದೆ, ಬಿಟ್ಟರೆ ಹತ್ತುತ್ತದೆ. ತಂದು ಮತ್ತೆ ಹಚ್ಚಿದೆ, ಅತ್ತೆ ಮತ್ತೆ ಜೋಳ ಸುರಿದರು. ಕಲ್ಲು ಮತ್ತೆ ಕೂಗಿತು, ದೀಪ ಮತ್ತೆ ಮಲಗಿತ್ತು. ಗೌಸುಸಾಬರ ಮೀಟರ್ ಹಿಡಿದು ನೋಡಿದರೆ ಮೊದಲನೆಯ ಟ್ರಾನ್ಸಿಸ್ಟರ್ ಕಾಳು ಇದೆ, ಕಾಳು ಇದೆ ಎಂದೇ ಹೇಳುತ್ತಿತ್ತು. "ಸುಳ್ಳ ಹೇಳ್ತೀಯಾ ಭಾಡ್ಯಾ" ಎಂದು ಅದನ್ನು ಬೈದೆ. ಕಾಳಿನ ಡಬ್ಬಿಯ ಹೊರಗಿನ ಪಟ್ಟಿಗಳನ್ನು ಉಜ್ಜಿದೆ, ಸ್ಪ್ರಿಂಗು ಬದಲಿಸಿದೆ. ಡಬ್ಬಿಯ ಒಳಗೆ ಮಾತ್ರ ಇಣುಕಲಿಲ್ಲ. ಬರಿದಾದ ಡಬ್ಬಿಯಲ್ಲಿ ನೋಡುವುದೇನಿದೆ?

ಮುತ್ತಣ್ಣ ಬೈಯಲಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು. "ಬಿಡು ರಾಜಿ, ಭಾಳ ಮಾಡೀದಿ. ಸಂಜಿಗೆ ಆ ಮೊಬೈಲ್ ಅಂಗಡಿಯಾಂವಗ ಹೂಂ ಅಂತೇನಿ" ಎಂದು ಹೊಲಕ್ಕೆ ಹೊರಟ. ಅತ್ತೆ ಅಂಗಿಯ ಗುಂಡಿ ಬಿಚ್ಚಿ, ಅದನ್ನು ಜಾಡಿಸಿ ಮೊಳೆಗೆ ತೂಗುಹಾಕಿದರು. ಹಗಲಿನಲ್ಲಿ ಅವರು ಆ ಅಂಗಿ ತೆಗೆದದ್ದನ್ನು ನಾನು ನೋಡಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಆ ಹಲಗೆಯನ್ನೇ ಕಿತ್ತು ಬೀದಿಗೆ ಎಸೆಯೋಣ ಎಂದು ಏಣಿ ಹತ್ತಿದೆ. ಡಬ್ಬಿಯೊಳಗೆ, ನಾನು ಮಡಚಿದ ಅಂಚುಗಳ ನಡುವೆ, ಕೂಸಿನ ಹಾಗೆ ಒಂದು ಪುಟ್ಟ ಗಂಟು ಮಲಗಿತ್ತು.

ಬಿಚ್ಚಿದೆ. ಹಿಡಿ ಜೋಳ, ಅರಿಷಿಣದ ಬೇರು, ಅಡಿಕೆ. ಬಟ್ಟೆಗೆ ಕುಂಕುಮ ಹತ್ತಿತ್ತು. ಬಟ್ಟೆಯ ಗುರುತು ಸಿಕ್ಕಿತು. ಅತ್ತೆಯ ಟ್ರಂಕಿನ ತಳದಲ್ಲಿದ್ದ ಗಜೇಂದ್ರಗಡದ ಸೀರೆ ಅದು, ಅವರು ಮದುವೆಯಲ್ಲಿ ಉಟ್ಟದ್ದು. ಅದರ ಅಂಚಿನಿಂದ ಒಂದು ತುಂಡು ಹರಿದಿದ್ದರು. ಟ್ರಾನ್ಸಿಸ್ಟರ್ ಸುಳ್ಳು ಹೇಳಿರಲಿಲ್ಲ. ಕಾಳು ಇತ್ತು.

ಗಂಟು ಹಿಡಿದು ಇಳಿದವಳನ್ನು ನೋಡಿ ಅತ್ತೆಯ ಮುಖ ಬಿಳಿಚಿಕೊಂಡಿತು. ಗೂಡಿನಿಂದ ಯಂತ್ರ ತೆಗೆದು ಅವರ ಕಿವಿಗೆ ಹಾಕಿದೆ. ನಾನು ಕೇಳುವ ಮೊದಲೇ ಅವರು ಹೇಳಿದರು.

"ಹೊಸಾದ್ದು ಮನಿಗೆ ಬಂದ್ರ ಉಡಿ ತುಂಬಬೇಕಲ್ಲವ್ವಾ. ಫಕೀರವ್ವನ್ನ ಕರಿಯೂಣು ಅಂದೆ. ಆಮ್ಯಾಲ ಅನಿಸ್ತು, ತಗಡೇನು ಕೇಳ್ತೈತಿ, ನಿನ್ನ ಗಂಡ ಅದಾನೋ ಸತ್ತಾನೋ ಅಂತ? ನೀ ಮಾಡಿದ್ದು ಗೆಲ್ಲಲಿ ಅಂತ ನಸುಕಿನ್ಯಾಗ ಎದ್ದು ನಾನ ತುಂಬಿದೆ." ಅವರು ಎರಡೂ ಅಂಗೈ ನನ್ನೆದುರು ಹಿಡಿದರು. "ನನ್ನ ಕೈ ಹತ್ತಿ ಕೆಟ್ಟತೇನವ್ವಾ? ಅದಕ್ಕ ನಾ ಅನ್ನೂದು, ಚಲೋ ಕೆಲಸಕ್ಕ ಈ ಕೈ ಬ್ಯಾಡಂತ."

"ಕೈ ಅಲ್ರಿ ಅತ್ತಿ! ಭಾರ! ಹಿಡಿ ಜ್ವಾಳದ ಭಾರ!" ನಾನು ಅಳುತ್ತಿದ್ದೆನೋ ಕಿರುಚುತ್ತಿದ್ದೆನೋ ನನಗೇ ತಿಳಿಯದು. ಅವರು ನಂಬುವಂತೆ ಕಾಣಲಿಲ್ಲ. ಬಾಗಿಲಿಗೆ ಹೋಗಿ ಫಕೀರವ್ವನನ್ನು ಕೂಗಿ ಕರೆದೆ. ನನ್ನ ಕೂಗು ಕೇಳಿ, ಹೊಲದ ಕಡೆ ಹೊರಟಿದ್ದ ಮುತ್ತಣ್ಣನೂ ತಿರುಗಿ ಬಂದ.

ಕಲ್ಲುಗಳನ್ನು ಬಿಡಿಸಿ, ಬರೀ ಮೋಟಾರು ಚಾಲು ಮಾಡಿದೆ. ಡಬ್ಬಿ ಬರಿದು. ಕೆಂಪು ದೀಪ ಝಗ್ಗೆಂದು ಹತ್ತಿತು. ಗಂಟನ್ನು ಫಕೀರವ್ವನ ಕೈಗೆ ಕೊಟ್ಟೆ. ಹಣೆ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ, ಓಣಿಯ ಎಲ್ಲ ಶುಭಕಾರ್ಯಕ್ಕೂ ಮೊದಲು ಕರೆಯುವ ಮುತ್ತೈದೆ ಆಕೆ.

"ಏಣಿ ಹತ್ತಿ ಆ ತಗಡಿನ ಮ್ಯಾಲ ಇದನ್ನಿಡು ಫಕೀರಕ್ಕಾ."

ಫಕೀರವ್ವ ಏನೂ ತಿಳಿಯದೆ ಏದುಸಿರು ಬಿಡುತ್ತ ಹತ್ತಿ ಇಟ್ಟಳು. ದೀಪ ಆರಿತು. ತೆಗೆ ಎಂದೆ, ತೆಗೆದಳು, ಹತ್ತಿತು. ಅವಳನ್ನು ಇಳಿಸಿ, ಗಂಟನ್ನು ಅತ್ತೆಯ ಕೈಗೆ ಕೊಡಿಸಿದೆ. ಅವರು ಅಂಜುತ್ತಂಜುತ್ತ ಹತ್ತಿ ಇಟ್ಟರು, ಆರಿತು. ತೆಗೆದರು, ಹತ್ತಿತು. ಮತ್ತೆ ಇಟ್ಟರು. ಮತ್ತೆ ತೆಗೆದರು. ಕಪ್ಪು ಕಾಳಿನಂಥ ಆ ಟ್ರಾನ್ಸಿಸ್ಟರಿಗೆ ಮುತ್ತೈದೆ ಯಾರು, ಗಂಡ ಸತ್ತವಳು ಯಾರು ಎಂಬುದು ಗೊತ್ತಿಲ್ಲ. ಭಾರ ಇದೆ, ಭಾರ ಇಲ್ಲ, ಅಷ್ಟೇ. ಅದಕ್ಕೆ ನಾನು ಇವತ್ತಿಗೂ ಋಣಿ.

ಫಕೀರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಇಬ್ಬರ ಕೈಗೂ ಒಂದ ನ್ಯಾಯ ಆತಲ್ಲವ್ವಾ" ಎಂದಳು.

ಅತ್ತೆ ಏಣಿಯ ಮೇಲೇ ಕೂತು ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು. ಮುತ್ತಣ್ಣ ಮೊಳೆಯಿಂದ ಅಂಗಿ ತೆಗೆದು ತಂದು ಅವರ ಹೆಗಲ ಮೇಲೆ ಹಾಕಿದ. "ಮೊಬೈಲ್ ಅಂಗಡಿಯಾಂವಗ ಬ್ಯಾರೆ ಖೋಲಿ ನೋಡ್ಕೊ ಅಂತೇನಿ" ಎಂದ. ಅವನ ಕಣ್ಣೂ ಒದ್ದೆಯಾಗಿತ್ತು.

ಪಂಚಮಿಯ ಬೀಸುವಿಕೆ ಜೋರಾಗಿ ನಡೆಯಿತು. ಕಡಲೆ, ಗೋಧಿ, ಹಬ್ಬದ ಉಂಡಿ ಕಟ್ಟಲು ಹುರಿದ ಜೋಳದ ಅಳ್ಳಿನ ಹಿಟ್ಟು ಎಂದು ಬಾಗಿಲಾಚೆಗೂ ಡಬ್ಬಿಗಳ ಸಾಲು. ಕಲ್ಲು ಒಮ್ಮೆಯೂ ಕೂಗಲಿಲ್ಲ. ಪರಶಪ್ಪ ಕೂಡ ಬಂದು ಹಿಟ್ಟನ್ನು ಬೆರಳಿನಲ್ಲಿ ತಿಕ್ಕಿ ನೋಡಿ, ತನ್ನ ಡಬ್ಬಿ ಎತ್ತಿಕೊಂಡು ಹೋದ. ಗೌಸುಸಾಬರ ಮನೆಯ ಗೋಧಿಯನ್ನು ಅತ್ತೆ ಎಲ್ಲರಿಗಿಂತ ಮೊದಲು ಬೀಸಿ ಕಳಿಸಿದರು.

ನಾನು ತವರಿಗೆ ಹೊರಟ ದಿನ ತಟ್ಟೆ ಸಿದ್ಧವಾಗಿತ್ತು, ಫಕೀರವ್ವನೂ ಬಂದಿದ್ದಳು. ಗಿರಣಿ ತಿರುಗುತ್ತಿತ್ತು. ನಾನು ಮನೆಯೊಳಗೆ ಹೋಗಲಿಲ್ಲ. ಸೀದಾ ಗಿರಣಿಗೆ ಬಂದು, ಹಿಟ್ಟು ಬೀಸಿಸಲು ಕೂತ ಹೆಂಗಸರೆಲ್ಲರ ಎದುರು, ಅತ್ತೆಯ ಮುಂದೆ ಸೆರಗು ಒಡ್ಡಿದೆ. ಅವರು ಫಕೀರವ್ವನ ಕಡೆ ನೋಡಿದರು. ಫಕೀರವ್ವ ತಟ್ಟೆಯನ್ನು ಅವರ ಕೈಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು.

ಅತ್ತೆ ತಟ್ಟೆಯನ್ನು ಪಕ್ಕಕ್ಕಿಟ್ಟು, ಅಂಗಿಯ ಜೇಬಿನಿಂದ ಆ ಗಂಟು ತೆಗೆದರು. ಬಿಚ್ಚಿ, ಮೊದಲ ಹಿಡಿ ಜೋಳವನ್ನು ನನ್ನ ಸೆರಗಿಗೆ ಹಾಕಿದರು. ತಟ್ಟೆಯಿಂದ ಎರಡನೆಯ ಹಿಡಿ ಎತ್ತುವಷ್ಟರಲ್ಲಿ ನನ್ನ ಬೆನ್ನ ಹಿಂದಿನ ಗೋಡೆಯಲ್ಲಿ ಕೆಂಪು ದೀಪ ಹತ್ತಿತು. ನನಗಿಂತ ಮೊದಲು ಅದನ್ನು ಕಂಡವರು ಅವರೇ.

"ತಡಿಯವ್ವಾ, ಕಲ್ಲ ಕೂಗ್ತಾವು" ಎಂದು ಅವರು ಓಡಿದರು. ಗಾಲಿ ತಿರುಗಿಸಿದರು, ಕಲ್ಲು ಬಿಡಿಸಿದರು, ಚೀಲ ಜಾಡಿಸಿ ಅದರ ಒಡತಿಗೆ ಕೊಟ್ಟರು. ನಾನು ಸೆರಗು ಒಡ್ಡಿಕೊಂಡು ಅಲ್ಲೇ ನಿಂತಿದ್ದೆ. ಅವರು ತಿರುಗಿ ಬಂದು, ಹಿಟ್ಟು ಮೆತ್ತಿದ ಆ ಕೈಯಿಂದಲೇ ತಟ್ಟೆಯ ಜೋಳವನ್ನೆಲ್ಲ ನನ್ನ ಉಡಿಗೆ ಸುರಿದರು.